ಪರುಷವನ್ನೂ ತಕ್ಕಡಿಗೆ ಹಾಕು

ತಮ್ಮಾ, ಮುಂದಿನ ತಿಂಗಳು ನೀನು ಬಂಗಾರ ಬೆಳ್ಳಿ ಕರಗಿಸಿ ಬೇರೆ ಮಾಡುವ ಗಲಾಯಿ ಕೆಲಸಕ್ಕೆಂದು ಕೊಯಮತ್ತೂರಿಗೆ ಹೊರಟಿದ್ದೀಯ. ಹೋಗುವ ಮುಂಚೆ ಒಂದು ಪ್ರಶ್ನೆ ಬಿಟ್ಟುಹೋದೆ: ಪಾದರಸದಿಂದ ಬಂಗಾರ ಆಗೂದು ಖರೇ ಏನ್ರಿ ಕಾಕಾ? ಸುಳ್ಳು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಮೂವತ್ತು ವರ್ಷಕ್ಕೂ ಮೇಲೆ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿದವನಿಗೆ ಒಂದು ಮಾತು ಗೊತ್ತು. ಬರೀ ಸುಳ್ಳು ಎಂದು ಕೇಳಿಸಿಕೊಂಡು ಹೋದ ಹುಡುಗ, ನಾಳೆ ಖರೇ ಎಂದು ಇನ್ನೂ ಗಟ್ಟಿ ದನಿಯಲ್ಲಿ ಹೇಳುವವನು ಸಿಕ್ಕರೆ ಅವನ ಬೆನ್ನಿಗೆ ಬೀಳುತ್ತಾನೆ. ಅದಕ್ಕೇ ಸಾವಕಾಶ ಬರೆಯುತ್ತಿದ್ದೇನೆ.

ಮೊದಲು ನೀನು ಸೇರುವ ಮಂದಿಯ ವಿಚಾರ. ಜತ್ತ ಕಡೆಯ ಕನ್ನಡ ಶಾಲೆಯಲ್ಲಿ ಓದಿದ ನಿನಗೆ ಬರಗಾಲ ಅಂದರೇನು ಎಂದು ಹೇಳಬೇಕಾಗಿಲ್ಲ. ನಮ್ಮದೇ ಸಾಂಗ್ಲಿ ಜಿಲ್ಲೆಯ ಖಾನಾಪುರ, ಆಟಪಾಡಿ ತಾಲ್ಲೂಕುಗಳೂ ಅಂಥವೇ. ಮಳೆ ಕೈಕೊಟ್ಟ ವಿಟಾ ಸುತ್ತಿನ ಹಳ್ಳಿಗಳಿಂದ ಹುಡುಗರು ಗಂಟು ಕಟ್ಟಿಕೊಂಡು ಹೊರಟರು, ದೇಶದ ಸರಾಫ ಪೇಟೆಗಳಲ್ಲೆಲ್ಲ ಕುಲುಮೆ ಹೂಡಿದರು. ಪತ್ತಾರರ ಅಂಗಡಿಯ ಕಸ, ಅರ ತಿಕ್ಕಿದ ಪುಡಿ, ಒಡೆದ ಮೂಸೆಯ ಚೂರು, ಕೈ ತೊಳೆದ ನೀರಿನ ತಳದ ಕೆಸರು ಇವನ್ನೆಲ್ಲ ದುಡ್ಡು ಕೊಟ್ಟು ಕೊಂಡು, ಸುಟ್ಟು, ಕರಗಿಸಿ, ಅದರೊಳಗಿನ ಬಂಗಾರ ಬೆಳ್ಳಿ ಬೇರೆ ಮಾಡುವುದು ಅವರ ಕಸುಬು. ನೋಡುವವರ ಕಣ್ಣಿಗೆ ಕಸದಿಂದ ಬಂಗಾರ ತೆಗೆದಂತೆಯೇ. ಆದರೆ ಯಾವ ಗಲಾಯಿಯವನೂ ತಾನು ಬಂಗಾರ ಮಾಡಿದೆ ಅನ್ನುವುದಿಲ್ಲ, ತೆಗೆದೆ ಅನ್ನುತ್ತಾನೆ. ಇದ್ದದ್ದು ಬಂತು, ಇಲ್ಲದ್ದು ಬರಲಿಲ್ಲ. ಕಸ ಕೊಳ್ಳುವಾಗಲೇ ಅದರಲ್ಲಿ ಎಷ್ಟಿರಬಹುದು ಎಂದು ಅಂದಾಜು ಕಟ್ಟುತ್ತಾನೆ. ಅಂದಾಜು ತಪ್ಪಿದರೆ ಆ ವಾರದ ಊಟ ಅವನದಲ್ಲ.

ಇನ್ನು ನೀನು ಕೇಳಿದ ರಸವಿದ್ಯೆ, ಅಂದರೆ ಪಾದರಸದಿಂದ ಬಂಗಾರ ಮಾಡುವ ವಿದ್ಯೆ. ಇದನ್ನು ಬರೀ ಮೋಸಗಾರರ ಕಥೆ ಎಂದುಕೊಳ್ಳಬೇಡ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಬಂಗಾರದ ಹುಟ್ಟನ್ನು ಹೇಳುವಾಗ ತಾನಾಗಿ ಸಿಗುವುದು, ಗಣಿಯಿಂದ ಬರುವುದು ಇವುಗಳ ಜೊತೆಗೆ ರಸದಿಂದ ಮಾಡಿದ್ದು ಎಂದೂ ಒಂದು ಬಗೆಯುಂಟು. ಅದೇ ಪುಸ್ತಕ ಅಕ್ಕಸಾಲಿಗರು ಬಂಗಾರ ಕದಿಯುವ ಐದು ದಾರಿಗಳನ್ನೂ ಹೇಳುತ್ತದೆ. ಮೊದಲನೆಯದು ಕಳ್ಳ ತಕ್ಕಡಿ. ರಸದ ಬಂಗಾರವನ್ನು ನಂಬಿದ ಕಾಲದಲ್ಲೂ ತಕ್ಕಡಿಯ ಮೇಲೆ ಕಣ್ಣಿಟ್ಟವನು ಇದ್ದ ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಮುಂದೆ ಸುಮಾರು ಹತ್ತನೇ ಶತಮಾನದಿಂದ ರಸಹೃದಯತಂತ್ರ, ರಸಾರ್ಣವ, ರಸರತ್ನಸಮುಚ್ಚಯದಂಥ ಗ್ರಂಥಗಳು ಬಂದವು. ಪಾದರಸಕ್ಕೆ ಹದಿನೆಂಟು ಸಂಸ್ಕಾರ ಹೇಳಿದರು: ಬೆವರಿಸುವುದು, ಅರೆಯುವುದು, ಮೂರ್ಛೆಗೊಳಿಸುವುದು, ಮತ್ತೆ ಎಬ್ಬಿಸುವುದು, ಭಟ್ಟಿ ಇಳಿಸುವುದು, ಅಭ್ರಕ ಉಣಿಸುವುದು, ಕೊನೆಗೆ ಲೋಹವನ್ನು ವೇಧಿಸುವುದು, ಸೇವಿಸುವುದು. ಪಾದರಸ ಶಿವನ ವೀರ್ಯ. ಗಂಧಕ, ಅಭ್ರಕ ದೇವಿಯ ಅಂಶ. ಎರಡೂ ಕೂಡಿದಾಗ ಹುಟ್ಟುವುದು ಸಾವಿಲ್ಲದ ವಸ್ತು. ಒಂದು ಪಾಲು ರಸ ನೂರು ಪಾಲು ಲೋಹವನ್ನು ಬಂಗಾರ ಮಾಡಿದರೆ ಶತವೇಧಿ, ಸಾವಿರಕ್ಕಾದರೆ ಸಹಸ್ರವೇಧಿ, ಅಲ್ಲಿಂದ ಕೋಟಿವೇಧಿಯವರೆಗೂ ಹೋಗುತ್ತದೆ. ಲೆಕ್ಕ ಆ ಮಟ್ಟ ಮುಟ್ಟಿದಾಗ ಬರೆಯುವವನ ಕೈಯಲ್ಲಿ ತಕ್ಕಡಿ ಇರಲಿಲ್ಲ ಎಂದು ಧಾರಾಳವಾಗಿ ತಿಳಿ.

ಹಾಗೆಂದು ಆ ಪುಸ್ತಕಗಳನ್ನು ಮೂಲೆಗೆ ಎಸೆಯಬೇಡ. ರಸರತ್ನಸಮುಚ್ಚಯದಲ್ಲಿ ಪ್ರಯೋಗಶಾಲೆ ಹೇಗಿರಬೇಕು ಎಂಬುದಿದೆ. ಪೂರ್ವಕ್ಕೆ ರಸಭೈರವ, ಆಗ್ನೇಯಕ್ಕೆ ಬೆಂಕಿಯ ಕೆಲಸ, ಪಶ್ಚಿಮಕ್ಕೆ ತೊಳೆಯುವುದು, ವಾಯವ್ಯಕ್ಕೆ ಒಣಗಿಸುವುದು. ದೇವರನ್ನು ತೆಗೆದರೂ ಅದು ಒಪ್ಪವಾದ ಕಾರ್ಖಾನೆಯ ನಕ್ಷೆ. ಅದೇ ಗ್ರಂಥದಲ್ಲಿ ರಸಕವೆಂಬ ಅದಿರನ್ನು ಮುಚ್ಚಿದ ಮೂಸೆಯಲ್ಲಿ ಕಾಸಿ, ಜ್ವಾಲೆ ನೀಲಿಯಿಂದ ಬಿಳಿಗೆ ತಿರುಗುವುದನ್ನು ಕಾದು, ತವರದಂತೆ ಹೊಳೆಯುವ ಸತ್ವ ತೆಗೆಯುವ ರೀತಿ ಇದೆ. ಅದು ಸತುವು. ರಾಜಸ್ಥಾನದ ಜಾವರ್‌ನಲ್ಲಿ ಈ ಬಗೆಯ ಭಟ್ಟಿಯ ಮೂಸೆಗಳು ರಾಶಿ ರಾಶಿ ಸಿಕ್ಕಿವೆ. ಯುರೋಪಿನಲ್ಲಿ ವಿಲಿಯಂ ಚಾಂಪಿಯನ್ ಸತುವು ಭಟ್ಟಿ ಇಳಿಸುವುದಕ್ಕೆ ಪೇಟೆಂಟು ಪಡೆದದ್ದು 1738ರಲ್ಲಿ. ರಸವಾದಿಗಳು ತಾಮ್ರವನ್ನು ರಸಕದ ಜೊತೆ ಕಾಸಿದಾಗ ಅದು ಹಳದಿಯಾಗಿದ್ದು ಕಂಡು ಹಿಗ್ಗಿದ್ದರು. ಆಗಿದ್ದು ಹಿತ್ತಾಳೆ. ಬಂಗಾರ ಹುಡುಕಲು ಹೋದವರ ಕೈಗೆ ಸತುವು ಬಂತು, ನನ್ನ ಲೆಕ್ಕದಲ್ಲಿ ಅದೇನು ಕಡಿಮೆ ಲಾಭವಲ್ಲ. ರಸೇಂದ್ರಚಿಂತಾಮಣಿ ಬರೆದವನಂತೂ ತಾನು ಕೈಯಾರೆ ಮಾಡಿ ನೋಡದ್ದನ್ನು ಬರೆದಿಲ್ಲವೆಂದೂ, ಮಾಡಿ ತೋರಿಸಲಾರದ ಗುರುಗಳು ಬರೀ ವೇಷಗಾರರೆಂದೂ ಖಡಾಖಂಡಿತ ಹೇಳಿದ್ದಾನೆ. ಪ್ರಫುಲ್ಲಚಂದ್ರ ರಾಯ್ 1902ರಲ್ಲಿ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯ ಮೊದಲ ಸಂಪುಟ ಹೊರತಂದಾಗ ಇಂಥವರನ್ನು ಹುಡುಕಿ ಹುಡುಕಿ ಎತ್ತಿ ತೋರಿಸಿದರು. ಸಿಕ್ಕರೆ ಅದನ್ನು ಓದು.

ಈಗ ನೀನು ನಾಳೆ ಕಣ್ಣಾರೆ ನೋಡಲಿರುವ ಒಂದು ಚಮತ್ಕಾರಕ್ಕೆ ಬರುತ್ತೇನೆ. ಇದನ್ನು ಸಾವಕಾಶ ಓದು.

ಬೆಳ್ಳಿ ಬೆರೆತ ಬಂಗಾರ ಅಂಗಡಿಗೆ ಬಂತು ಅನ್ನು. ನೈಟ್ರಿಕ್ ಆಮ್ಲ, ಅಂದರೆ ನಿಮ್ಮ ಮಾತಿನ ತೇಜಾಬು, ಬೆಳ್ಳಿಯನ್ನೂ ತಾಮ್ರವನ್ನೂ ಕರಗಿಸುತ್ತದೆ, ಬಂಗಾರವನ್ನು ಮುಟ್ಟುವುದಿಲ್ಲ. ಆದರೆ ಬಂಗಾರ ಹೆಚ್ಚಿದ್ದರೆ ಒಳಗಿನ ಬೆಳ್ಳಿಗೆ ಅದೇ ಗೋಡೆಯಾಗಿ ನಿಲ್ಲುತ್ತದೆ. ಅದಕ್ಕೆ ಮೊದಲು ಇನ್ನಷ್ಟು ಬೆಳ್ಳಿ ಸೇರಿಸಿ ಕರಗಿಸಿ, ಒಟ್ಟಿನಲ್ಲಿ ಬಂಗಾರ ಸುಮಾರು ಕಾಲು ಪಾಲು ಉಳಿಯುವಂತೆ ಮಾಡುತ್ತಾರೆ. ಶುದ್ಧ ಮಾಡಲು ಮೊದಲು ಕಲಬೆರಕೆ ಮಾಡಬೇಕು. ಹೊಸಬನಿಗೆ ಇದೇ ತಲೆ ತಿರುಗಿಸುವ ಸಂಗತಿ. ತೇಜಾಬಿನಲ್ಲಿ ಕುದಿಸಿದ ಮೇಲೆ ತಳದಲ್ಲಿ ಕಂದು ಪುಡಿ ಉಳಿಯುತ್ತದೆ. ನೋಡಿದರೆ ಕಾಫಿ ಪುಡಿಯಂತಿರುವ ಅದೇ ಬಂಗಾರ. ತೊಳೆದು ಮೂಸೆಯಲ್ಲಿಟ್ಟು, ಬಿಳಿಗಾರ ಹಾಕಿ, 1064 ಡಿಗ್ರಿ ದಾಟಿಸಿದರೆ ಅದರ ಹಳದಿ ಹೊರಗೆ ಬರುತ್ತದೆ.

ಮೇಲಿನ ತಿಳಿ ದ್ರವದಲ್ಲಿ ಬೆಳ್ಳಿ ಕಣ್ಣಿಗೆ ಕಾಣದಂತೆ ಕರಗಿ ಕೂತಿರುತ್ತದೆ. ಅದಕ್ಕೆ ತಾಮ್ರದ ಪಟ್ಟಿ ಇಳಿಬಿಡುತ್ತಾರೆ. ಆಮೇಲೆ ಕಣ್ಣು ತೆಗೆಯಬೇಡ. ಕೆಂಪು ಪಟ್ಟಿಯ ಮೇಲೆ ಮೊದಲು ಬೂದು ಪೊರೆ, ಆಮೇಲೆ ಜರಿಗಿಡದ ಎಲೆಯಂತೆ ಮಿನುಗುವ ಹರಳು, ಆಮೇಲೆ ಅದೇ ಕಳಚಿ ತಳಕ್ಕೆ ಬೀಳುತ್ತದೆ. ನೀರು ನೀಲಿಯಾಗುತ್ತ ಹೋಗುತ್ತದೆ, ಪಟ್ಟಿ ತೆಳುವಾಗುತ್ತ ಹೋಗುತ್ತದೆ. ತಿಳಿಯದವನಿಗೆ ತಾಮ್ರವೇ ಬೆಳ್ಳಿಯಾಯಿತು ಎನಿಸದೆ ಇರುವುದಿಲ್ಲ. ಗಣಿಗಳ ಮೈಲುತುತ್ತದ ನೀರಿನಲ್ಲಿ ಕಬ್ಬಿಣ ಇಟ್ಟರೆ ತಾಮ್ರ ಬರುವುದನ್ನು ಕಂಡು ಯುರೋಪಿನ, ಚೀನದ ಎಷ್ಟೋ ಮಂದಿ ಜಾಣರು ಕಬ್ಬಿಣ ತಾಮ್ರವಾಗುತ್ತದೆ ಎಂದೇ ಬಹುಕಾಲ ನಂಬಿದ್ದರು. ಅವರು ಹುಂಬರಲ್ಲ, ಕಣ್ಣಿಗೆ ಕಂಡದ್ದನ್ನು ನಂಬಿದರು.

ನೀನು ಬಣ್ಣ ನೋಡಬೇಡ, ತೂಕ ಹಾಕು ಎಂದು ನಾನು ಹೇಳುತ್ತೇನೆ ಎಂದು ಎಣಿಸುತ್ತಿರಬೇಕು. ಹೇಳುತ್ತೇನೆ, ಆದರೆ ಅಲ್ಲೇ ಒಂದು ಗುಂಡಿ ಇದೆ. ಪಟ್ಟಿಯನ್ನು ತೂಗಿ ನೋಡು: ಒಂದು ಗ್ರಾಂ ತಾಮ್ರ ಸವೆದಿದ್ದರೆ ತಳದಲ್ಲಿ ಸುಮಾರು 3.4 ಗ್ರಾಂ ಬೆಳ್ಳಿ ಬಿದ್ದಿರುತ್ತದೆ. ತಕ್ಕಡಿಯೇ ಸಾಕ್ಷಿ ಹೇಳುತ್ತದೆ, ಒಂದಕ್ಕೆ ಮೂರಾಯಿತು, ಬೆಳೆಯಿತು ಎಂದು! ರಸವಾದಿ ಅದನ್ನು ತೋರಿಸಿದ್ದರೆ ಯಾವ ರಾಜನಾದರೂ ಖಜಾನೆಯ ಬೀಗ ತೆಗೆಯುತ್ತಿದ್ದ. ಮರೆತದ್ದೆಂದರೆ ನೀಲಿ ನೀರನ್ನು ತೂಗುವುದು. ಬೆಳ್ಳಿ ಮುಂಚೆಯೇ ಅದರಲ್ಲಿತ್ತು. ಬೆಳ್ಳಿ ಹೊರಬಿತ್ತು, ತಾಮ್ರ ಒಳಹೋಯಿತು. ಪಾತ್ರೆ, ನೀರು, ಪಟ್ಟಿ, ಪುಡಿ ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೆ ಒಂದು ಗುಂಜಿಯೂ ಹೆಚ್ಚಾಗಿರುವುದಿಲ್ಲ. ನಾನು ನಿನಗೆ ಹೇಳಬೇಕೆಂದಿರುವುದು ಇಷ್ಟೇ: ಯಾರಾದರೂ ತಕ್ಕಡಿ ತೋರಿಸಿದರೆ, ಅದರ ಮೇಲೆ ಏನಿಟ್ಟಿಲ್ಲ ಎಂದು ಕೇಳು.

ಸಾಂಗ್ಲಿಯ ಹುಡುಗನಿಗೆ ಬಣ್ಣದ ಮರುಳು ಹೇಳಿಕೊಡುವುದೂ ಒಂದು ಹಾಸ್ಯವೇ. 2018ರಲ್ಲಿ ಭೌಗೋಳಿಕ ಗುರುತು ಪಡೆದ ಅರಿಷಿಣದ ಪೇಟೆ ನಮ್ಮದು. ಅರಿಷಿಣದ ನೀರಿಗೆ ಒಂದಿಷ್ಟು ಸುಣ್ಣ ಹಾಕಿದರೆ ರಕ್ತದಂಥ ಓಕುಳಿ. ನಿಮ್ಮವ್ವ ಆರತಿ ತಟ್ಟೆಯಲ್ಲಿ ಮಾಡುವ ಈ ಕೆಲಸವನ್ನೇ ಮಂತ್ರವಾದಿ ಜನರೆದುರು ಮಾಡಿ ದಕ್ಷಿಣೆ ಕೇಳುತ್ತಾನೆ.

ಮೋಸದ ಪಟ್ಟಿ ಬೇಡ, ಎರಡೇ ಹೇಳುತ್ತೇನೆ. ಊರೂರು ತಿರುಗಿ ಬಳೆ, ಸರ ಥಳಥಳ ತೊಳೆದುಕೊಡುತ್ತೇವೆ ಅನ್ನುವವರ ಬಟ್ಟಲಲ್ಲಿರುವುದು ಹೆಚ್ಚಾಗಿ ಬಂಗಾರವನ್ನೇ ಕರಗಿಸುವ ತೇಜಾಬು. ನೈಟ್ರಿಕ್ ಒಂದು ಪಾಲಿಗೆ ಹೈಡ್ರೋಕ್ಲೋರಿಕ್ ಮೂರು ಪಾಲು ಸೇರಿದರೆ ಬಂಗಾರವೂ ಉಳಿಯುವುದಿಲ್ಲ. ತೊಳೆದ ಬಳೆ ಹೊಳೆಯುತ್ತದೆ, ಬಟ್ಟಲಿನ ಹಳದಿ ನೀರು ಅವರ ಚೀಲ ಸೇರುತ್ತದೆ. ಇಲ್ಲೂ ತೂಗದೆ ಉಳಿದದ್ದು ನೀರೇ. ಇನ್ನೊಂದು, ಟಂಗ್‌ಸ್ಟನ್ ತುಂಬಿದ ಗಟ್ಟಿ. ಸೀಸಕ್ಕೆ ಬಂಗಾರದ ಭಾರ ಬಾರದು. ನೀರಿನಲ್ಲಿ ಮುಳುಗಿಸಿ ತೂಗಿದರೆ ಸಿಕ್ಕಿಬೀಳುತ್ತದೆ. ಆದರೆ ಟಂಗ್‌ಸ್ಟನ್ ಸಾಂದ್ರತೆ ಹೆಚ್ಚುಕಡಿಮೆ ಬಂಗಾರದ 19.3ಕ್ಕೇ ಸಮ. ಒರೆಗಲ್ಲಿಗೆ ಮೇಲ್ಮೈ ಮಾತ್ರ ಗೊತ್ತು, ತಕ್ಕಡಿಗೆ ಭಾರ ಮಾತ್ರ ಗೊತ್ತು. ಅಂಥಲ್ಲಿ ಕೊರೆಯಬೇಕು, ಇಲ್ಲವೇ ಕರಗಿಸಬೇಕು. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರ ಎಷ್ಟೇ ಹೊಸದಿದ್ದರೂ ಕೊನೆಯ ತೀರ್ಪು ಇಂದಿಗೂ ಬೆಂಕಿಯದೇ: ಚೂರು ಬಂಗಾರವನ್ನು ಸೀಸದಲ್ಲಿ ಸುತ್ತಿ ಪುಟಕ್ಕಿಟ್ಟರೆ ಸೀಸ ತಾಮ್ರವನ್ನೆಲ್ಲ ಹೊತ್ತುಕೊಂಡು ಮೂಸೆಯ ಮೈಯೊಳಗೆ ಇಂಗಿಹೋಗುತ್ತದೆ, ಮಣಿ ಉಳಿಯುತ್ತದೆ. ಸೀಸದಿಂದ ಬೆಳ್ಳಿ ಬಂಗಾರ ಶುದ್ಧಿಮಾಡುವ ಈ ಹಾದಿ ಕೌಟಿಲ್ಯನಿಗೂ ಗೊತ್ತಿತ್ತು. ಹಿಂದಿನವರು ಎಲ್ಲಿ ತೂಗಿದರೋ ಅಲ್ಲಿ ಅವರ ವಿದ್ಯೆ ಉಳಿಯಿತು.

ನೀನು ಕೇಳದಿದ್ದರೂ ಇನ್ನೊಂದು ಹೇಳಬೇಕು, ಯಾಕೆಂದರೆ ನಾವಿರುವ ನೆಲ ಅಂಥದ್ದು. ವಿಟಾದಿಂದ ಸ್ವಲ್ಪ ದೂರಕ್ಕೆ ರೇಣಾವಿ ಇದೆ, ರೇವಣಸಿದ್ಧನ ಗುಡಿ. ಮರಾಠಿಯವರಿಗೆ ಅವನು ನವನಾಥರಲ್ಲಿ ಒಬ್ಬ. ನಮಗೆ ಹರಿಹರ ರಗಳೆ ಬರೆದ ರೇವಣಸಿದ್ಧೇಶ್ವರ. ಗಲಾಯಿಯವರ ಊರ ದೇವರು ಸಿದ್ಧನೇ ಆಗಿರುವುದು ಯಾರೂ ಯೋಜಿಸಿ ಮಾಡಿದ್ದಲ್ಲ, ಆದರೂ ನನಗೆ ಹಿಡಿಸುತ್ತದೆ. ಇತ್ತ ಬತ್ತೀಸ ಶಿರಾಳದಲ್ಲಿ ಗೋರಕ್ಷನ ಸ್ಥಾನ. ಈ ಸಿದ್ಧರಿಗೆ ಬಂಗಾರ ಮುಖ್ಯವಾಗಿರಲಿಲ್ಲ, ಕೊಳೆಯದ ಕಾಯ ಬೇಕಾಗಿತ್ತು. ಲೋಹದ ಮೇಲೆ ಪರೀಕ್ಷೆ ಮಾಡಿ ಗೆದ್ದ ರಸವನ್ನೇ ದೇಹಕ್ಕೆ ಕೊಡಬೇಕೆಂದು ರಸಾರ್ಣವ ಹೇಳುತ್ತದೆ. ಬಂಗಾರ ಅವರಿಗೆ ಪರೀಕ್ಷೆಯ ಮೆಟ್ಟಿಲು ಮಾತ್ರ. 14ನೇ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹ ಇದನ್ನು ರಸೇಶ್ವರದರ್ಶನ ಎಂದು ಹದಿನಾರು ದರ್ಶನಗಳ ಸಾಲಿನಲ್ಲೇ ಕೂರಿಸಿತು.

ಕನ್ನಡ ಇದಕ್ಕೆ ಕೊಟ್ಟ ಉತ್ತರವನ್ನು ನಿನ್ನ ಅಜ್ಜ ಭಜನೆಯ ರಾತ್ರಿ ಹೇಳುತ್ತಿದ್ದರು, ನೀನು ನಿದ್ದೆ ಮಾಡಿರುತ್ತೀಯ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ, ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗ. ಗೋರಕ್ಷ ವಜ್ರಕಾಯ ಸಾಧಿಸಿ ಬೀಗುತ್ತಿದ್ದ. ಅಲ್ಲಮನ ಕೈಗೆ ಕತ್ತಿ ಕೊಟ್ಟು ಹೊಡೆಯಲು ಹೇಳಿದ. ಹೊಡೆದರೆ ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಆಮೇಲೆ ಅಲ್ಲಮ ತನ್ನನ್ನು ಹೊಡೆ ಎಂದ. ಕತ್ತಿ ಬಯಲಲ್ಲಿ ಬೀಸಿದಂತೆ ಇತ್ತಿಂದತ್ತ ಹಾಯ್ದುಹೋಯಿತು. ಸದ್ದೂ ಇಲ್ಲ. ಗೋರಕ್ಷನಿಗೆ ಅಲ್ಲೇ ಅರಿವಾಯಿತು. ಸದ್ದು ಬಂದ ಮೈಯಲ್ಲಿ ನಾನೆನ್ನುವುದು ಇನ್ನೂ ಗಟ್ಟಿಯಾಗಿಯೇ ಇದೆ.

ಮೋಳಿಗೆಯ ಮಾರಯ್ಯನ ಕಥೆಯೂ ಅದೇ ದಿಕ್ಕಿನದು. ಕಾಶ್ಮೀರದ ಅರಸುತನ ಬಿಟ್ಟು ಕಲ್ಯಾಣದಲ್ಲಿ ಕಟ್ಟಿಗೆ ಮಾರುತ್ತಿದ್ದವನ ಮನೆಯಲ್ಲಿ ಬಸವಣ್ಣ ಗುಟ್ಟಾಗಿ ಹೊನ್ನು ಇಟ್ಟುಹೋದರೆ, ಮಾರಯ್ಯ ಅದನ್ನು ಜಂಗಮರಿಗೆ ಹಂಚಿದ್ದಲ್ಲದೆ ತನ್ನ ಕಟ್ಟಿಗೆಯನ್ನೇ ಹೊನ್ನಾಗಿಸಿ ತೋರಿಸಿದನಂತೆ. ತೋರಿಸಿದ ಮೇಲೂ ಕಟ್ಟಿಗೆಯ ಕಾಯಕ ಬಿಡಲಿಲ್ಲ. ವಚನಗಳಲ್ಲಿ ಪರುಷದ ಮಾತು ಹೆಜ್ಜೆಗೊಮ್ಮೆ ಬರುತ್ತದೆ. ಬಸವಕಲ್ಯಾಣದಲ್ಲಿ ಪರುಷಕಟ್ಟೆಯೇ ಇದೆ. ಆದರೆ ಶರಣರ ಪರುಷ ಗುರು, ಲಿಂಗ, ಸಂಗ. ಮೂಸೆಯ ಪಕ್ಕದಲ್ಲಿಡುವ ಕಲ್ಲಲ್ಲ.

ಇಲ್ಲಿ ನನ್ನ ತಕ್ಕಡಿಗೆ ಕೆಲಸವಿಲ್ಲ, ಅದು ನನಗೆ ಗೊತ್ತು. ಸೂರ್ಯನಿಗೆ ಬಂಗಾರ, ಚಂದ್ರನಿಗೆ ಬೆಳ್ಳಿ, ಚಂಚಲ ಮನಸ್ಸಿಗೆ ಪಾದರಸ ಎಂದಾಗ ಸಿದ್ಧರು ಹೇಳುತ್ತಿದ್ದುದು ಬೇರೆಯದೇ ಲೆಕ್ಕ, ಅದನ್ನು ಅಳೆಯುವವರು ಬೇರೆ. ನಾನು ಹೆದರುವುದು ಎರಡನ್ನೂ ಕಲಸುವವರಿಗೆ. ನಿನ್ನೆದುರು ಅಲ್ಲಮನ ಬಯಲಿನ ಮಾತಾಡುತ್ತಲೇ ಜೇಬಿನಿಂದ ಗೋರಕ್ಷನ ಗುಟಿಕೆ ತೆಗೆದು ಬೆಲೆ ಹೇಳುವವನು ಇರುತ್ತಾನೆ. ಆ ಮನುಷ್ಯನಿಂದ ದೂರವಿರು. ಮಿರಜದಲ್ಲಿ ಇತ್ತೀಚೆಗೆ ಇನ್ನೊಂದು ಕೇಳುತ್ತೇನೆ: ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು ತಂಬೂರಿ, ಸಿತಾರ ಮಾಡುವವರಾದದ್ದು ನಮ್ಮೂರ ರಸವಿದ್ಯೆ ಎಂದು. ಮಾತು ಚೆಂದ, ಆದರೆ ನಡೆದದ್ದು ಬೇರೆ. ಆಯುಧಕ್ಕೆ ಗಿರಾಕಿ ಇಲ್ಲವಾಯಿತು, ಕೈಯಲ್ಲಿ ಹದವಿತ್ತು, ಸೋರೆಬುರುಡೆ ಹಿಡಿದರು. ಹಸಿವಿನ ಕೆಲಸಕ್ಕೆ ಪರುಷದ ಹೆಸರಿಟ್ಟರೆ ಅವರ ಬೆವರು ಮರೆಯಾಗುತ್ತದೆ.

ರಸವಿದ್ಯೆಯನ್ನು ನಂಬಿದ ದೊಡ್ಡವರು ಎಲ್ಲ ಕಡೆ ಇದ್ದರು. ಮಾರ್ಕೊ ಪೋಲೊ ಪಾದರಸ ಗಂಧಕ ಕುಡಿದು ನೂರೈವತ್ತು, ಇನ್ನೂರು ವರ್ಷ ಬದುಕುವ ನಮ್ಮ ಜೋಗಿಗಳ ಸುದ್ದಿ ಬರೆದುಕೊಂಡ. ಅವನಿಗಿಂತ ಮೊದಲೇ ಬಂದ ಅಲ್‌ಬೀರೂನಿ ಅಷ್ಟು ಸಡಿಲನಲ್ಲ. ಬಂಗಾರ ಮಾಡುವ ಆಸೆಯಲ್ಲಿ ರಾಜರ ದುರಾಸೆಗೆ ಮಿತಿಯೇ ಇಲ್ಲವೆಂದು ಸಿಟ್ಟಿನಿಂದಲೇ ಬರೆದ. ನ್ಯೂಟನ್ ಕೂಡ ರಾತ್ರಿಗಟ್ಟಲೆ ಒಲೆಯ ಮುಂದೆ ಕೂತವನೇ. ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ 1669ರಲ್ಲಿ ಬಂಗಾರಕ್ಕಾಗಿ ಮೂತ್ರವನ್ನು ಬತ್ತಿಸಿ ಬತ್ತಿಸಿ, ಕತ್ತಲಲ್ಲಿ ಬೆಳಗುವ ರಂಜಕ ಕಂಡ.

ಈಗ ನಿನ್ನ ಪ್ರಶ್ನೆಗೆ ಸೀದಾ ಉತ್ತರ. ಆಗುತ್ತದೆ. ಪಾದರಸದ ಪರಮಾಣುವಿನಲ್ಲಿ 80 ಪ್ರೋಟಾನು, ಬಂಗಾರದಲ್ಲಿ 79, ಪಕ್ಕದ ಮನೆಯವರು. ರಸವಾದಿಗಳು ಸಾವಿರಾರು ವಸ್ತುಗಳಲ್ಲಿ ಇದನ್ನೇ ಹಿಡಿದರಲ್ಲ ಎಂದು ಒಮ್ಮೊಮ್ಮೆ ನಗು ಬರುತ್ತದೆ. 1941ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಪಾದರಸಕ್ಕೆ ನ್ಯೂಟ್ರಾನು ಹೊಡೆದು ಬಂಗಾರ ಮಾಡಿದರು. ಆದ ಬಂಗಾರ ವಿಕಿರಣ ಸೂಸುವಂಥದ್ದು, ಉಳಿಯುವಂಥದ್ದಲ್ಲ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದ ಆಲಿಸ್ ತಂಡ 2025ರಲ್ಲಿ ಲೆಕ್ಕ ಒಪ್ಪಿಸಿತು: 2015ರಿಂದ 2018ರವರೆಗಿನ ಓಟದಲ್ಲಿ ಸೀಸದ ಕಿರಣಗಳು ಒಂದರ ಪಕ್ಕ ಒಂದು ಹಾಯುವಾಗ ಸುಮಾರು 8,600 ಕೋಟಿ ಬಂಗಾರದ ನ್ಯೂಕ್ಲಿಯಸ್ಸುಗಳು ಹುಟ್ಟಿದವು. ಅಂಕಿ ಕೇಳಿ ಬಾಯಿ ಬಿಡಬೇಡ. ಒಟ್ಟು ತೂಕ 29 ಪಿಕೋಗ್ರಾಂ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 29 ಪಾಲು. ಅದೂ ಹುಟ್ಟಿದ ಕ್ಷಣದಲ್ಲೇ ಚೂರಾಗಿ ಹೋಯಿತು. ಅವರು ಎಣಿಕೆಯ ಜೊತೆಗೆ ತೂಕವನ್ನೂ ಹೇಳಿದರು. ಅದಕ್ಕೇ ನಾನು ನಂಬಿದೆ.

ಕೊನೆಗೆ ಕೆಲಸದ ಮಾತು. ತೇಜಾಬು ಕುದಿಯುವಾಗ ಏಳುವ ಕಂದು ಹೊಗೆಯನ್ನು ಹಗುರಾಗಿ ಎಣಿಸಬೇಡ. ಆಗ ಬರೀ ಕೆಮ್ಮು ಬರುತ್ತದೆ, ಮನೆಗೆ ಬಂದು ಉಂಡು ಮಲಗಿದ ಮೇಲೆ, ತಾಸುಗಟ್ಟಲೆ ಕಳೆದು ಪುಪ್ಪುಸದಲ್ಲಿ ನೀರು ತುಂಬುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಹೊಗೆ ಎಳೆಯುವ ಚಿಮಣಿ, ಫ್ಯಾನು ಇಲ್ಲದ ಕೋಣೆಯಲ್ಲಿ ಕೆಲಸಕ್ಕೆ ಕೂರಬೇಡ, ಸಂಬಳ ಎಷ್ಟೇ ಇರಲಿ. ಸೀಸ ಪುಟಕ್ಕಿಡುವ ಕಡೆ ಊಟದ ಡಬ್ಬಿ ಬಿಚ್ಚಬೇಡ, ಆ ಬಟ್ಟೆಯಲ್ಲಿ ಮನೆಗೆ ಬರಬೇಡ, ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಿಸು. ಪಾದರಸ ಕೆಳಗೆ ಚೆಲ್ಲಿದರೆ ಕಸಬರಿಗೆ ಹಿಡಿಯಬೇಡ. ಹನಿ ಒಡೆದಷ್ಟೂ ಆವಿ ಹೆಚ್ಚು. ಯಾರಾದರೂ ಭಸ್ಮ ತಿನ್ನು, ಶಕ್ತಿ ಬರುತ್ತದೆ ಎಂದರೆ ತಿನ್ನಬೇಡ, ಕೊಟ್ಟವರು ಎಷ್ಟೇ ಬೇಕಾದವರಿರಲಿ.

ಒಂದು ವಹಿ ಇಟ್ಟುಕೊ. ಒಂದು ಕಡೆ ಒಳಗೆ ಹೋದದ್ದು, ಇನ್ನೊಂದು ಕಡೆ ಹೊರಗೆ ಬಂದದ್ದು, ಮೂರನೆಯದು ನೀರಿನಲ್ಲಿ, ಕಿಟ್ಟದಲ್ಲಿ ಉಳಿದದ್ದು. ಮೂರನೆಯ ಮನೆ ಖಾಲಿ ಬಿಡುವ ಚಾಳಿ ಬೇಡ. ಮೊದಲ ಸಲ ತಾಮ್ರದ ಪಟ್ಟಿ ಇಳಿಬಿಟ್ಟ ದಿನ ಫೋನ್ ಮಾಡು. ಎಷ್ಟು ತಾಮ್ರ ಸವೆಯಿತು, ಎಷ್ಟು ಬೆಳ್ಳಿ ಬಿತ್ತು ಹೇಳು. ತಾಮ್ರ ಜಾಸ್ತಿ ಸವೆದು ಒಂದಕ್ಕೆ 3.4 ಬರದಿದ್ದರೆ, ತೇಜಾಬು ಎಷ್ಟು ಉಳಿದಿತ್ತು ಎಂದು ಮಾಲೀಕರನ್ನು ಮೊದಲು ಕೇಳಿಕೊಂಡು ಆಮೇಲೆ ಫೋನ್ ಮಾಡು. ರಾತ್ರಿ ಒಂಬತ್ತರ ಮೇಲೆ ಆದರೆ ಒಳ್ಳೆಯದು, ಆಗ ನಾನು ಮನೆಯಲ್ಲೇ ಇರುತ್ತೇನೆ.